‘ಹೋಗ್ಲಿಲ್ಲ’ ಅನ್ನುವ ಹುಡುಗ ‘ಡಿಡ್ ನಾಟ್ ವೆಂಟ್’ ಎಂದು ಯಾಕೆ ಬರೆಯುತ್ತಾನೆ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದರೆ ಕೆಂಪು ಶಾಯಿ ಬೀಳುವ ಜಾಗಗಳು ಹೆಚ್ಚುಕಡಿಮೆ ಒಂದೇ. ‘ಹಿ ಡಿಡ್ ನಾಟ್ ವೆಂಟ್’, ‘ಐ ಆಮ್ ನೋಯಿಂಗ್ ಹಿಮ್’, ‘ಶಿ ಡೋಂಟ್ ಕಮ್’, ‘ಐ ಆಮ್ ಸ್ಟೇಯಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’. ಊರು ಬದಲಾಗುತ್ತದೆ, ಮಾಸ್ತರರು ಬದಲಾಗುತ್ತಾರೆ, ತಪ್ಪು ಮಾತ್ರ ಅದೇ. ಒಬ್ಬರನ್ನೊಬ್ಬರು ಕಂಡರಿಯದ ಮಕ್ಕಳು ಅದೇ ಜಾಗದಲ್ಲಿ ಅದೇ ತಪ್ಪು ಮಾಡುತ್ತಿದ್ದರೆ ಅದಕ್ಕೆ ದಡ್ಡತನ ಎಂದು ಹೆಸರಿಡುವುದು ಅನ್ಯಾಯ. ಅಲ್ಲಿ ಯಾವುದೋ ನಿಯಮ ಕೆಲಸ ಮಾಡುತ್ತಿದೆ. ಆ ನಿಯಮ ಮಗುವಿನ ಮನೆಮಾತಿನದು. ಅದನ್ನು ಹುಡುಕದೆ ತಿದ್ದಿದರೆ ತಿದ್ದಿದ್ದು ನಿಲ್ಲುವುದಿಲ್ಲ, ತಿದ್ದಿಸಿಕೊಂಡ ನೋವು ಮಾತ್ರ ನಿಲ್ಲುತ್ತದೆ.

ಭಾಷಾ ಬೋಧನೆಯ ವಿದ್ವಾಂಸ ಎಸ್. ಪಿಟ್ ಕಾರ್ಡರ್ 1967ರಲ್ಲೇ ಕಲಿಯುವವರ ತಪ್ಪುಗಳನ್ನು ಎರಡಾಗಿ ಬೇರ್ಪಡಿಸಿದ್ದರು. ದಣಿವಿಗೋ ಗಡಿಬಿಡಿಗೋ ಬಾಯಿ ಜಾರಿ ಆಗುವುದು ಒಂದು. ಮನಸ್ಸಿನಲ್ಲಿ ಕಟ್ಟಿಕೊಂಡ ನಿಯಮವೇ ಬೇರೆ ಇರುವುದರಿಂದ ಪ್ರತಿ ಸಲವೂ ಆಗುವುದು ಇನ್ನೊಂದು. ಯಾವುದು ಯಾವುದೆಂದು ತಿಳಿಯಲು ವಾಕ್ಯದ ಕೆಳಗೆ ಗೆರೆ ಎಳೆದು ‘ಇನ್ನೊಮ್ಮೆ ನೋಡು’ ಎಂದರೆ ಸಾಕು. ತಾನೇ ಸರಿಮಾಡಿಕೊಂಡರೆ ಅದು ಬಾಯಿ ಜಾರಿದ್ದು. ಅದಕ್ಕೆ ಪಾಠ ಬೇಕಿಲ್ಲ. ‘ಇದರಾಗ ಏನು ತಪ್ಪದ್ರಿ?’ ಎಂದು ಮಗು ಕೇಳಿದರೆ ಅಲ್ಲಿ ನಿಯಮ ಕೂತಿದೆ. ಪಾಠ ಬೇಕಿರುವುದು ಅಲ್ಲಿಯೇ.

ನಮ್ಮ ಭಾಗದಲ್ಲಿ ಇದು ಇನ್ನಷ್ಟು ಸಿಕ್ಕಾಗಲು ಕಾರಣವಿದೆ. 1948ರ ವರೆಗೆ ನಿಜಾಮರ ಆಡಳಿತ, ಕಚೇರಿಯ ಭಾಷೆ ಉರ್ದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಮನೆ, ಬೀದಿ, ಬಜಾರಿನ ಮಾತು ಬೇರೆಬೇರೆಯಾಗಿಯೇ ಉಳಿಯಿತು. ಕಲಬುರಗಿ ಪೇಟೆಯಲ್ಲಿ ದಖನಿ ಉರ್ದು, ಭಾಲ್ಕಿ ಔರಾದ ಕಡೆ ಮರಾಠಿ, ಗುರುಮಠಕಲ್ ಸೇಡಂ ಗಡಿಯಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಸುತ್ತಲೂ ಕನ್ನಡ. ಇಂಗ್ಲಿಷ್ ಇಲ್ಲಿ ಅನೇಕ ಮಕ್ಕಳಿಗೆ ಮೂರನೆಯದೋ ನಾಲ್ಕನೆಯದೋ ಭಾಷೆ. ಆದ್ದರಿಂದ ಒಂದೇ ಬೆಂಚಿನ ಇಬ್ಬರು ‘ಡಿಡ್ ನಾಟ್ ವೆಂಟ್’ ಎಂದು ಬರೆದರೂ ಇಬ್ಬರಿಗೂ ಮದ್ದು ಒಂದೇ ಆಗದೆ ಇರಬಹುದು.

ಅದನ್ನೇ ಮೊದಲು ನೋಡೋಣ. ಕನ್ನಡದಲ್ಲಿ ‘ಅವ ಹೋದ’ ಎಂಬುದಕ್ಕೆ ಇಲ್ಲ ಸೇರಿಸಿದರೆ ‘ಹೋದ ಇಲ್ಲ’ ಆಗುವುದಿಲ್ಲ, ‘ಹೋಗ್ಲಿಲ್ಲ’ ಆಗುತ್ತದೆ. ಬಿಡಿಸಿದರೆ ಹೋಗಲು, ಇಲ್ಲ. ‘ಹೋದ’ ಎಂಬ ಕಳೆದ ಕಾಲದ ರೂಪ ಅಲ್ಲಿ ಇಲ್ಲವೇ ಇಲ್ಲ; ಕ್ರಿಯಾಪದ ತನ್ನ ಮೂಲ ರೂಪಕ್ಕೆ ಮರಳಿದೆ. ಇಂಗ್ಲಿಷಿನಲ್ಲಿ ನಡೆಯುವುದೂ ಇದೇ: ‘ಹಿ ವೆಂಟ್’, ಆದರೆ ‘ಹಿ ಡಿಡ್ ನಾಟ್ ಗೋ’. ಇನ್ನೊಂದು ಹೊಂದಿಕೆಯೂ ಇದೆ. ಹೋದ, ಹೋದಳು, ಹೋದರು ಎಂದು ಕನ್ನಡ ಕ್ರಿಯಾಪದ ಆಳಿಗೆ ತಕ್ಕಂತೆ ಬದಲಾಗುತ್ತದೆ, ಆದರೆ ಅವ, ಆಕಿ, ಅವರು ಎಲ್ಲರಿಗೂ ‘ಹೋಗ್ಲಿಲ್ಲ’ ಒಂದೇ. ‘ಡಿಡ್ ನಾಟ್’ ಕೂಡ ಎಲ್ಲರಿಗೂ ಒಂದೇ. ಅಂದರೆ ಈ ನಿಯಮ ನಮ್ಮ ಮಗುವಿನ ಬಾಯಲ್ಲಿ ಶಾಲೆ ಸೇರುವ ಮೊದಲೇ ಇತ್ತು. ‘ಡಿಡ್ ಬಂದರೆ ಮೊದಲನೇ ರೂಪ ಬರಬೇಕು’ ಎಂದು ಕಂಠಪಾಠ ಮಾಡಿಸುತ್ತೇವೆಯೇ ಹೊರತು ‘ನೀ ಹೋದಿಲ್ಲ ಅಂತಿಯೋ, ಹೋಗ್ಲಿಲ್ಲ ಅಂತಿಯೋ?’ ಎಂದು ಕೇಳುವುದಿಲ್ಲ.

ಮೂರು ನಿಷೇಧ ರೂಪಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯಿರಿ. ‘ಹೋಗ್ಲಿಲ್ಲ’ ಎದುರಿಗೆ ‘ಡಿಡ್ ನಾಟ್ ಗೋ’. ‘ಹೋಗಿಲ್ಲ’ ಎದುರಿಗೆ ‘ಹ್ಯಾಸ್ ನಾಟ್ ಗಾನ್’. ‘ಹೋಗಂಗಿಲ್ಲ’ ಎದುರಿಗೆ ‘ಡಸ್ ನಾಟ್ ಗೋ’. ನಾಳಿನ ಮಾತಾದರೆ ‘ವಿಲ್ ನಾಟ್ ಗೋ’. ಮಾತಿನ ಭರದಲ್ಲಿ ‘ಹೋಗಿಲ್ಲ’ ಎಂಬುದನ್ನೇ ಎರಡಕ್ಕೂ ಬಳಸುವವರಿದ್ದಾರೆ. ಆಗ ‘ನಿನ್ನೆ’ ಮತ್ತು ‘ಇನ್ನಾ’ ಸೇರಿಸಿ ಹೇಳಿಸಿ: ನಿನ್ನೆ ಹೋಗ್ಲಿಲ್ಲ, ಇನ್ನಾ ಹೋಗಿಲ್ಲ. ವ್ಯತ್ಯಾಸ ತಾನಾಗಿ ಬೇರೆಯಾಗುತ್ತದೆ.

ಅಭ್ಯಾಸಕ್ಕೆ ಹತ್ತು ಕ್ರಿಯಾಪದ ಸಾಕು: ಗೋ, ಕಮ್, ಈಟ್, ಸೀ, ಗಿವ್, ಟೇಕ್, ಬ್ರಿಂಗ್, ರೈಟ್, ಬೈ, ಟೆಲ್. ಎಲ್ಲವೂ ಕಳೆದ ಕಾಲದಲ್ಲಿ ರೂಪ ಬದಲಿಸುವಂಥವು, ಆದ್ದರಿಂದ ತಪ್ಪು ಕಿವಿಗೆ ಬೀಳುತ್ತದೆ. ಪುಟ್, ಕಟ್ ಬೇಡ. ಅವು ಬದಲಾಗುವುದೇ ಇಲ್ಲ, ಮಗು ಸರಿ ಹೇಳಿತೋ ತಪ್ಪು ಹೇಳಿತೋ ಗೊತ್ತಾಗುವುದಿಲ್ಲ. ಮೊದಲು ‘ಹಿ ವೆಂಟ್’, ಆಮೇಲೆ ‘ಹಿ ಡಿಡ್ ನಾಟ್ ಗೋ’, ಇವೆರಡೂ ಗಟ್ಟಿಯಾದ ಮೇಲೆಯೇ ‘ಡಿಡ್ ಹಿ ಗೋ?’. ಈ ಕ್ರಮ ತಪ್ಪಿಸಬಾರದು. ಪ್ರಶ್ನೆಯಲ್ಲಿ ಕನ್ನಡ ನೆರವಿಗೆ ಬರುವುದಿಲ್ಲ, ‘ಹೋದನೇನು?’ ಎಂಬಲ್ಲಿ ಕಾಲ ಕ್ರಿಯಾಪದದ ಮೇಲೆಯೇ ಉಳಿಯುತ್ತದೆ, ಅದಕ್ಕೇ ‘ಡಿಡ್ ಹಿ ವೆಂಟ್?’ ಬರುತ್ತದೆ. ಅನೇಕ ತರಗತಿಗಳಲ್ಲಿ ಪ್ರಶ್ನೆಯನ್ನೇ ಮೊದಲು ಕಲಿಸುತ್ತಾರೆ; ಮಕ್ಕಳು ಎಡವುವುದು ಅಲ್ಲೇ.

ಈಗ ಪಕ್ಕದ ಹುಡುಗ. ಉರ್ದುವಿನಲ್ಲಿ ‘ವೋ ಗಯಾ’, ನಿಷೇಧದಲ್ಲಿ ‘ವೋ ನಹೀಂ ಗಯಾ’. ಮರಾಠಿಯಲ್ಲಿ ‘ತೋ ಗೇಲಾ’, ‘ತೋ ಗೇಲಾ ನಾಹಿ’. ಎರಡರಲ್ಲೂ ಕಳೆದ ಕಾಲದ ರೂಪ ಅಲುಗುವುದಿಲ್ಲ. ಹೀಗಾಗಿ ಉರ್ದು ಮಾಧ್ಯಮದ ಅಥವಾ ಔರಾದ ಮರಾಠಿ ಮನೆಯ ಮಗುವಿಗೆ ‘ಡಿಡ್ ನಾಟ್ ವೆಂಟ್’ ತೀರ ಸಹಜ. ಮೇಲಿನ ಕನ್ನಡದ ಉಪಾಯ ಅವರಿಗೆ ಮುಟ್ಟುವುದಿಲ್ಲ. ಅವರಿಗೆ ‘ಒಂದು ವಾಕ್ಯದಲ್ಲಿ ಕಾಲದ ಗುರುತು ಒಂದೇ ಕಡೆ, ಡಿಡ್ ಅದನ್ನು ಹೊತ್ತ ಮೇಲೆ ಮುಂದಿನ ಕ್ರಿಯಾಪದಕ್ಕೆ ಆ ಭಾರ ಇಲ್ಲ’ ಎಂದು ಬಿಡಿಸಿ ಹೇಳಿ, ಅಭ್ಯಾಸ ಹೆಚ್ಚು ಕೊಡಬೇಕು. ತೆಲುಗು ಮನೆಯ ಮಗು ಮಾತ್ರ ‘ವೆಳ್ಳಲೇದು’ ಎನ್ನುತ್ತದೆ, ಅದು ನಮ್ಮ ‘ಹೋಗ್ಲಿಲ್ಲ’ದ ಕಟ್ಟೇ. ಮಗುವಿನ ಮನೆಮಾತು ಹಾಜರಿ ಪುಸ್ತಕದ ಪಕ್ಕದಲ್ಲಿ ಒಂದಕ್ಷರವಾಗಿ ಗುರುತಾಗಿದ್ದರೆ ಮಾಸ್ತರರ ಅರ್ಧ ಕೆಲಸ ಮುಗಿದಂತೆ.

‘ಶಿ ಡೋಂಟ್ ಕಮ್’ ಕೂಡ ಇದೇ ಬೇರಿನದು. ‘ಆಕಿ ಬರಂಗಿಲ್ಲ, ನಾ ಬರಂಗಿಲ್ಲ’ ಎರಡರಲ್ಲೂ ರೂಪ ಒಂದೇ, ಆದ್ದರಿಂದ ಡೋಂಟ್ ಎಲ್ಲರಿಗೂ ಸಾಕು ಎನಿಸುತ್ತದೆ. ಇಲ್ಲಿ ತಿದ್ದುವಾಗ ಒಂದು ಅಪಾಯವಿದೆ. ‘ಹಿ ಗೋ’ ಎಂದು ಬರೆದದ್ದಕ್ಕೆ ಪದೇ ಪದೇ ಬೈಸಿಕೊಂಡ ಮಗು ಆ ಕೊನೆಯ ‘ಸ್’ ಅನ್ನು ಎಲ್ಲಾ ಕಡೆ ಹಚ್ಚಲು ಶುರುಮಾಡುತ್ತದೆ: ‘ಡಸ್ ಹಿ ಗೋಸ್?’, ‘ಹಿ ಕ್ಯಾನ್ ಗೋಸ್’, ಕೊನೆಗೆ ‘ಐ ಗೋಸ್’. ಈ ತಪ್ಪುಗಳಲ್ಲಿ ನಮ್ಮ ತಿದ್ದುಪಡಿಯದೂ ಪಾಲಿದೆ. ಕಾರಣ ಹೇಳದೆ ಫಲಿತಾಂಶ ಮಾತ್ರ ತಿದ್ದಿದರೆ ಮಗು ತನ್ನದೇ ಕಾರಣ ಕಟ್ಟಿಕೊಳ್ಳುತ್ತದೆ. ‘ಶಿ ಕಮ್ಸ್’ನಲ್ಲಿದ್ದ ಸ್ ‘ಡಸ್’ಗೆ ಹೋಗಿ ಕೂತಿತು, ಆದ್ದರಿಂದ ‘ಕಮ್’ ಬರಿದಾಯಿತು ಎಂದು ಬಾಣದ ಗುರುತು ಹಾಕಿ ತೋರಿಸಿದರೆ ಮುಂದಿನ ಗೊಂದಲ ಉಳಿಯುವುದಿಲ್ಲ.

ಇನ್ನು ‘ಐ ಆಮ್ ನೋಯಿಂಗ್’. ‘ಗೊತ್ತದ’ ಎಂಬುದರ ಕೊನೆಯ ‘ಅದ’ ಮಗುವಿಗೆ ‘ಈಸ್, ಆಮ್’ ಎಂದು ಕೇಳಿಸುತ್ತದೆ, ಆಮೇಲೆ ‘ಇಂಗ್’ ತಾನಾಗಿ ಬರುತ್ತದೆ. ಗ್ರಾಮರ್ ಪುಸ್ತಕಗಳು ಇದಕ್ಕೆ ನೋ, ವಾಂಟ್, ಲೈಕ್, ಹ್ಯಾವ್, ಬಿಲೀವ್, ಅಂಡರ್‌ಸ್ಟ್ಯಾಂಡ್ ಎಂದು ಉದ್ದನೆಯ ಪಟ್ಟಿ ಕೊಡುತ್ತವೆ. ಪಟ್ಟಿ ಪರೀಕ್ಷೆಯ ತನಕ ಇರುತ್ತದೆ, ಮಾತಾಡುವಾಗ ಇರುವುದಿಲ್ಲ. ಅದಕ್ಕಿಂತ ಗಟ್ಟಿಯಾದ ಉಪಾಯ ಕಲಬುರಗಿ ಕನ್ನಡದಲ್ಲೇ ಇದೆ.

ನಮ್ಮಲ್ಲಿ ‘ಮಾಡ್ತೀನಿ’ ಬೇರೆ, ‘ಮಾಡ್ಲಾಕತ್ತೀನಿ’ ಬೇರೆ. ಮೊದಲನೆಯದು ರೂಢಿಯ ಮಾತು ಅಥವಾ ಮುಂದಿನ ಮಾತು, ಎರಡನೆಯದು ಈ ಗಳಿಗೆಯಲ್ಲಿ ನಡೆಯುತ್ತಿರುವುದು. ಬೀದರ್ ಕಡೆ ಇದು ಇನ್ನೂ ಮೊಟಕಾಗಿ ‘ಮಾಡ್ಲತ್ತೀನಿ’ ಎಂದೂ ಕೇಳಿಸುತ್ತದೆ. ‘ಬರ್ಲಾಕತ್ತಾನ’ ಎಂದರೆ ‘ಹಿ ಈಸ್ ಕಮಿಂಗ್’. ಈಗ ಮಗುವನ್ನು ಕೇಳಿ: ‘ಗೊತ್ತ ಇರ್ಲಾಕತ್ತದ’ ಅಂತೀಯೇನು? ‘ಇಬ್ರು ತಮ್ಮಂದಿರು ಇರ್ಲಾಕತ್ತಾರ’ ಅಂತೀಯೇನು? ನಗುತ್ತದೆ. ‘ಹಂಗಾದ್ರ ಇಂಗ್ಲಿಷಿನಾಗೂ ಇಂಗ್ ಬ್ಯಾಡ’: ‘ಐ ನೋ’, ‘ಐ ಹ್ಯಾವ್ ಟೂ ಬ್ರದರ್ಸ್’.

ಒಂದು ತೊಡಕಿದೆ. ‘ನೆನಪಾಗ್ಲಾಕತ್ತದ’, ‘ಕಾಣ್ಲಾಕತ್ತದ’, ‘ಕೇಳಿಸ್ಲಾಕತ್ತದ’ ಎನ್ನುತ್ತೇವೆ, ಆದರೆ ಇಂಗ್ಲಿಷಿನಲ್ಲಿ ‘ಐ ರಿಮೆಂಬರ್’, ‘ಐ ಕ್ಯಾನ್ ಸೀ’, ‘ಐ ಕ್ಯಾನ್ ಹಿಯರ್’. ಇದಕ್ಕೂ ಕನ್ನಡದಲ್ಲೇ ಗುರುತು ಸಿಗುತ್ತದೆ. ಇವೆಲ್ಲ ‘ನಾ’ ಎಂದು ಶುರುವಾಗುವುದಿಲ್ಲ, ‘ನನಗ’ ಎಂದು ಶುರುವಾಗುತ್ತವೆ. ನನಗ ಗೊತ್ತದ, ನನಗ ಬೇಕು, ನನಗ ನೆನಪದ, ನನಗ ಇಷ್ಟ, ನನಗ ಕಾಣ್ತದ, ನನಗ ಇಬ್ರು ತಮ್ಮಂದಿರು ಅದಾರ. ಕನ್ನಡದಲ್ಲಿ ‘ನನಗ’ ಬಂದರೆ ಇಂಗ್ಲಿಷಿನಲ್ಲಿ ಇಂಗ್ ಬರುವುದು ಕಡಿಮೆ. ಮೈಯ ಬಾಧೆಯ ಮಾತು ಮಾತ್ರ ಹೊರತು: ‘ನನಗ ಹಸಿವಾಗ್ಲಾಕತ್ತದ’ ಎಂಬುದಕ್ಕೆ ‘ಐ ಆಮ್ ಫೀಲಿಂಗ್ ಹಂಗ್ರಿ’ ಸರಿಯಾಗಿಯೇ ಇದೆ. ‘ಐ ಆಮ್ ಹ್ಯಾವಿಂಗ್ ಲಂಚ್’ ಕೂಡ ಸರಿ, ಏಕೆಂದರೆ ಅದು ‘ನಾ ಊಟ ಮಾಡ್ಲಾಕತ್ತೀನಿ’. ಅಲ್ಲಿ ‘ನಾ’ ಇದೆ. ಹ್ಯಾವಿಂಗ್ ಎಲ್ಲಿ ಕಂಡರೂ ಹೊಡೆದುಹಾಕುವ ಮಾಸ್ತರರು ಈ ಸರಿಯಾದ ವಾಕ್ಯವನ್ನೂ ಕೊಂದುಬಿಡುತ್ತಾರೆ.

ಈ ಉಪಾಯ ಬಳಸಲು ತರಗತಿಯಲ್ಲಿ ‘ಬರ್ಲಾಕತ್ತೀನಿ’ ಎನ್ನಲು ಅವಕಾಶವಿರಬೇಕು. ನನಗೆ ಬಹಳ ಸಂಕಟವಾಗುವುದು ಇಲ್ಲಿಯೇ. ನಮ್ಮ ಭಾಗದ ಮಗುವನ್ನು ಇಂಗ್ಲಿಷಿಗಿಂತ ಮೊದಲು ಕನ್ನಡದಲ್ಲೇ ತಿದ್ದಿರುತ್ತಾರೆ. ‘ಬರ್ಲಾಕತ್ತೀನ್ರಿ ಅನ್ನಬ್ಯಾಡ, ಬರುತ್ತಿದ್ದೇನೆ ಅನ್ನು’ ಎಂದು ಕನ್ನಡ ತಾಸಿನಲ್ಲಿ ಕೇಳಿಸಿಕೊಂಡ ಮಗು, ಮುಂದಿನ ತಾಸಿನಲ್ಲಿ ‘ಐ ಆಮ್ ನೋಯಿಂಗ್’ ಎಂದದ್ದಕ್ಕೆ ನಗೆಪಾಟಲಾಗುತ್ತದೆ. ಎರಡೂ ಬಾಗಿಲು ಮುಚ್ಚಿದ ಮೇಲೆ ಸುಮ್ಮನೆ ಕೂಡುವುದೊಂದೇ ಉಳಿದ ದಾರಿ. ದೊಡ್ಡವರಾದ ಮೇಲೂ ಜನ ನೆನಪಿಟ್ಟುಕೊಳ್ಳುವುದು ಆ ನಗೆಯನ್ನು. ಯಾವ ವಾಕ್ಯ, ಯಾಕೆ ತಪ್ಪು ಎಂಬುದು ಮರೆತೇ ಹೋಗಿರುತ್ತದೆ. ಬರವಣಿಗೆಗೆ ಗ್ರಂಥಭಾಷೆ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಮಾತು ಅಶುದ್ಧ ಎಂದು ನಂಬಿಸಿದ ದಿನ, ಇಂಗ್ಲಿಷಿಗೆ ಹೋಲಿಸಿ ನೋಡಲು ಇದ್ದ ಒಂದೇ ಅಳತೆಗೋಲನ್ನು ಮಗುವಿನ ಕೈಯಿಂದ ಕಸಿದುಕೊಂಡಂತಾಯಿತು.

ಸಿನ್ಸ್ ಮತ್ತು ಫಾರ್ ವಿಷಯಕ್ಕೆ ಬಂದರೆ ನಮ್ಮ ಕಡೆಯ ನಾಲ್ಕು ಭಾಷೆಗಳು ಒಟ್ಟಾಗಿ ದಾರಿ ತಪ್ಪಿಸುತ್ತವೆ. ಕನ್ನಡದ ‘ಸೋಮವಾರದಿಂದ, ಐದು ವರ್ಷದಿಂದ’, ಉರ್ದುವಿನ ‘ಸೇ’, ಮರಾಠಿಯ ‘ಪಾಸೂನ್’, ತೆಲುಗಿನ ‘ನುಂಚಿ’ ಎಲ್ಲವೂ ಎರಡೂ ಕೆಲಸ ಮಾಡುತ್ತವೆ. ಇಂಗ್ಲಿಷ್ ಬೇರ್ಪಡಿಸುತ್ತದೆ. ಗಡಿಯಾರದಲ್ಲೋ ಕ್ಯಾಲೆಂಡರಿನಲ್ಲೋ ಬೆರಳಿಟ್ಟು ತೋರಿಸಬಹುದಾದ ಆರಂಭಕ್ಕೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ 2019. ಎಣಿಸಿ ಹೇಳುವ ಉದ್ದಕ್ಕೆ ಫಾರ್: ಫಾರ್ ಫೈವ್ ಇಯರ್ಸ್. ಇಷ್ಟಕ್ಕೇ ಬಿಟ್ಟರೆ ಅರ್ಧ ತಪ್ಪು ಉಳಿಯುತ್ತದೆ. ‘ಐ ಆಮ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಎಂದರೂ ಸರಿಹೋಗದು. ಆಗ ಶುರುವಾಗಿ ಈಗಲೂ ನಡೆದಿದ್ದರೆ ‘ಐ ಹ್ಯಾವ್ ಬೀನ್ ವರ್ಕಿಂಗ್’. ಹೀಗೆ ನಡೆಯುತ್ತಿರುವ ಕೆಲಸಕ್ಕೆ ‘ಇಂದ’ ಬಂತೆಂದರೆ ‘ಹ್ಯಾವ್ ಬೀನ್’ ಎಂದು ಎರಡನ್ನೂ ಜೋಡಿಯಾಗಿ ಕಲಿಸುವುದು ಒಳ್ಳೆಯದು.

ಎ, ಆನ್, ದ ಎಂಬ ಆರ್ಟಿಕಲ್ ನಮ್ಮ ಯಾವ ಭಾಷೆಯಲ್ಲೂ ಇಲ್ಲ ಎನ್ನುತ್ತೇವೆ. ಆದರೆ ಅಜ್ಜಿ ಕಥೆ ಶುರುಮಾಡುವುದು ‘ಒಂದು ಊರಾಗ ಒಬ್ಬ ರಾಜ ಇದ್ದ’ ಎಂದು, ಮುಂದಿನ ವಾಕ್ಯ ‘ಆ ರಾಜಗ ಮೂರು ಮಕ್ಕಳು’. ಮೊದಲ ಸಲ ಒಬ್ಬ, ಎರಡನೇ ಸಲ ಆ. ಇಂಗ್ಲಿಷಿನ ‘ಎ ಕಿಂಗ್’, ‘ದ ಕಿಂಗ್’ ಮಾಡುವ ಕೆಲಸ ಅದೇ. ಕನ್ನಡದಲ್ಲಿ ಬಾಯಿಗೆ ಬರದ ಕಡೆ ಮಾತ್ರ ಎಚ್ಚರ ಬೇಕು. ‘ನಮ್ಮಪ್ಪ ಡ್ರೈವರ್’ ಎನ್ನುತ್ತೇವೆ, ಒಬ್ಬ ಸೇರಿಸುವುದಿಲ್ಲ. ಇಂಗ್ಲಿಷಿಗೆ ‘ಎ ಡ್ರೈವರ್’ ಬೇಕೇ ಬೇಕು. ನದಿಯ ಹೆಸರಿಗೆ ದ ಬೇಕು, ಊರಿನ ಹೆಸರಿಗೆ ಬೇಡ: ‘ದ ಭೀಮಾ’, ಆದರೆ ಬರೀ ‘ಯಾದಗಿರಿ’.

ಎ ಮತ್ತು ಆನ್ ತಪ್ಪುವುದಕ್ಕೆ ಕಾರಣ ನಮ್ಮ ಉಚ್ಚಾರ. ಪದದ ಮೊದಲ ಎಕಾರಕ್ಕೆ ಕನ್ನಡದ ಬಾಯಿ ಸಣ್ಣ ಯಕಾರ ಸೇರಿಸುತ್ತದೆ, ಒಕಾರಕ್ಕೆ ವಕಾರ. ‘ಯಮ್ಮೆಲ್ಲೆ’ ಎಂದು ಹೇಳುವ ಬಾಯಿಗೆ ‘ಎ ಎಂಎಲ್‌ಎ’ ಸರಿಯಾಗಿಯೇ ಕೇಳಿಸುತ್ತದೆ, ಏಕೆಂದರೆ ಅದು ಯಕಾರ ಕೇಳಿಸಿಕೊಂಡಿದೆ. ನಿಯಮ ಗೊತ್ತಿದೆ, ಕಿವಿ ಬೇರೆ ಇದೆ ಅಷ್ಟೇ. ‘ಆನ್ ಯೂನಿವರ್ಸಿಟಿ’ ಇದಕ್ಕೆ ತಿರುಗಾಮುರುಗಾ. ಅಲ್ಲಿ ಕಣ್ಣು ಮೊದಲ ಅಕ್ಷರದ ಸ್ವರ ನೋಡಿತು, ಕಿವಿ ಯಕಾರ ಕೇಳಲಿಲ್ಲ. ಎಗ್, ಎಂಪ್ಲಾಯಿ, ಎಂಎಲ್‌ಎ, ಅವರ್ ಒಂದು ಕಡೆ, ಯೂನಿವರ್ಸಿಟಿ, ಯೂನಿಫಾರ್ಮ್, ಯುರೋಪಿಯನ್ ಇನ್ನೊಂದು ಕಡೆ ಬರೆದು, ಪುಸ್ತಕ ಮುಚ್ಚಿಸಿ ಬಾಯಿಂದಲೇ ಹೇಳಿಸಬೇಕು.

ಉಳಿದವನ್ನು ಬೇಗ ಹೇಳುತ್ತೇನೆ. ‘ಒನ್ ಆಫ್ ಮೈ ಫ್ರೆಂಡ್’ ಎನ್ನುವವರು ‘ನನ್ನ ಗೆಳೆಯರಲ್ಲಿ ಒಬ್ಬ’ ಎಂದು ಹೇಳಿ ನೋಡಲಿ. ಬಹುವಚನ ಅಲ್ಲೇ ಇದೆ. ‘ಟೂ ಬುಕ್’ ಬರುವುದು ‘ಎರಡು ಪುಸ್ತಕ’ದಿಂದ. ವಸ್ತುಗಳಿಗೆ ಎಣಿಕೆ ಹೇಳಿದ ಮೇಲೆ ಕನ್ನಡ ‘ಗಳು’ ಕೇಳುವುದಿಲ್ಲ, ಇಂಗ್ಲಿಷ್ ಕೇಳುತ್ತದೆ. ಫರ್ನಿಚರ್, ಲಗೇಜ್, ಅಡ್ವೈಸ್, ಇನ್ಫರ್ಮೇಶನ್‌ಗಳಿಗೆ ಮಾತ್ರ ಸ್ ಬೇಡ. ‘ಮ್ಯಾರೀಡ್ ವಿತ್’ ನಮ್ಮ ‘ಜೊತಿ’ಯಿಂದ ಬಂದದ್ದು, ‘ಮ್ಯಾರೀಡ್ ಟು’ ಆಗಬೇಕು. ‘ಆಂಗ್ರಿ ಆನ್ ಮಿ’ ನಮ್ಮ ‘ಮ್ಯಾಲ ಸಿಟ್ಟು’, ‘ವಿತ್’ ಆಗಬೇಕು. ‘ಡಿಸ್ಕಸ್’ ಮುಂದೆ ‘ಅಬೌಟ್’ ಬೇಡ. ‘ಹಿ ಓನ್ಲಿ ಟೋಲ್ಡ್ ಮಿ’ ಎಂಬುದು ‘ಅವನೇ ಹೇಳಿದ’ ಎಂಬುದರ ಏಕಾರ. ಇಂಗ್ಲಿಷ್ ಕೇಳುಗರಿಗೆ ‘ಹೇಳಿದನಷ್ಟೇ, ಮಾಡಲಿಲ್ಲ’ ಎಂದು ತಿಳಿಯಬಹುದು. ‘ಹಿ ಹಿಮ್‌ಸೆಲ್ಫ್ ಟೋಲ್ಡ್ ಮಿ’ ಎಂದರೆ ಗೊಂದಲವಿಲ್ಲ. ‘ಐ ರಿಪೇರ್ಡ್ ಮೈ ಬೈಕ್’ ಎಂದರೆ ಸ್ವತಃ ಸ್ಪ್ಯಾನರ್ ಹಿಡಿದಿರಿ ಎಂದರ್ಥ. ‘ಮಾಡಿಸಿದೆ’ ಎನ್ನಬೇಕಾದರೆ ‘ಐ ಗಾಟ್ ಮೈ ಬೈಕ್ ರಿಪೇರ್ಡ್’.

ಒಂದು ತಪ್ಪು ಮಾತ್ರ ಅಂಕಕ್ಕಿಂತ ದೊಡ್ಡ ನಷ್ಟ ಮಾಡುತ್ತದೆ. ‘ಊಟ ಮಾಡಿಲ್ಲೇನು?’ ಎಂದು ಕೇಳಿದರೆ ಮಾಡದವರು ‘ಹೂಂ, ಮಾಡಿಲ್ಲ’ ಎನ್ನುತ್ತಾರೆ. ಹೂಂ ಎಂಬುದು ಕೇಳಿದವರ ಮಾತಿಗೆ ಒಪ್ಪಿಗೆ. ಇಂಗ್ಲಿಷಿನಲ್ಲಿ ಯೆಸ್, ನೋ ನಿಲ್ಲುವುದು ನಡೆದ ಸಂಗತಿಯ ಮೇಲೆ. ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋದ ಹುಡುಗಿಗೆ ‘ಡೋಂಟ್ ಯೂ ಹ್ಯಾವ್ ಎನಿ ಎಕ್ಸ್‌ಪೀರಿಯನ್ಸ್?’ ಎಂದು ಕೇಳಿದಾಗ, ಇಲ್ಲ ಎಂಬರ್ಥದಲ್ಲಿ ‘ಯೆಸ್ ಸರ್’ ಎಂದರೆ, ಇದೆ ಎಂದು ಬರೆದುಕೊಳ್ಳುತ್ತಾರೆ. ಮುಂದಿನ ಪ್ರಶ್ನೆಗೆ ಆಕೆ ಸುಳ್ಳು ಹೇಳಿದಂತೆ ಕಾಣುತ್ತದೆ. ಬರೀ ಯೆಸ್, ಬರೀ ನೋ ಎಂದು ನಿಲ್ಲಿಸದೆ ಒಂದು ತುಂಡು ವಾಕ್ಯ ಸೇರಿಸುವ ರೂಢಿ ಮಾಡಿಸಬೇಕು: ‘ನೋ ಸರ್, ಐ ಡೋಂಟ್’, ‘ಯೆಸ್ ಸರ್, ಐ ಡು’.

ತಿದ್ದುವ ಬಗೆಯ ಬಗ್ಗೆ ಒಂದು ಮಾತು. ಮಗು ‘ಐ ಡಿಡ್ ನಾಟ್ ಸಾ’ ಎಂದಾಗ ‘ಓಹ್, ಯೂ ಡಿಡ್ ನಾಟ್ ಸೀ’ ಎಂದು ನಾವೇ ಸರಿಮಾಡಿ ಹೇಳುತ್ತೇವೆ, ಮಗು ‘ಯೆಸ್ ಸರ್’ ಎಂದು ಮುಂದೆ ಹೋಗುತ್ತದೆ. ತಿದ್ದಿದ್ದು ಅದರ ಗಮನಕ್ಕೇ ಬಂದಿರುವುದಿಲ್ಲ. ಕೆನಡಾದ ಫ್ರೆಂಚ್ ತರಗತಿಗಳನ್ನು ನೋಡಿ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ 1997ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ: ಶಿಕ್ಷಕರು ಅತಿ ಹೆಚ್ಚು ಬಳಸುವ ಬಗೆ ಇದು, ಮಕ್ಕಳು ಅತಿ ಕಡಿಮೆ ಹಿಡಿದುಕೊಳ್ಳುವುದೂ ಇದನ್ನೇ. ಅದರ ಬದಲು ‘ಐ ಡಿಡ್ ನಾಟ್…’ ಎಂದು ಅರ್ಧಕ್ಕೆ ನಿಲ್ಲಿಸಿ, ಮನಸ್ಸಿನಲ್ಲೇ ಐದರ ವರೆಗೆ ಎಣಿಸಿ ಕಾಯಿರಿ. ಮಗುವೇ ತುಂಬಬೇಕು. ಮಾತಿನ ನಡುವೆ ಬಾಯಿ ಹಾಕಬೇಡಿ, ಹೇಳಿ ಮುಗಿಸಲಿ.

ನೋಟ್‌ಬುಕ್ಕಿನಲ್ಲಿ ಒಂದು ಸಲಕ್ಕೆ ಒಂದೇ ಜಾತಿಯ ತಪ್ಪು ತಿದ್ದಿ. ಈ ವಾರ ಡಿಡ್ ಎಂದರೆ ಡಿಡ್ ಮಾತ್ರ, ಉಳಿದದ್ದು ಇರಲಿ. ಸರಿಯಾದ ರೂಪ ಬರೆದುಕೊಡದೆ ಅಂಚಿನಲ್ಲಿ ಕನ್ನಡದ ಒಂದಕ್ಷರ ಬರೆಯಿರಿ: ಕಾಲಕ್ಕೆ ‘ಕಾ’, ವಚನಕ್ಕೆ ‘ವ’, ಆರ್ಟಿಕಲ್‌ಗೆ ‘ಆ’. ಹುಡುಕಿ ತಿದ್ದುವುದು ಮಗುವಿನ ಕೆಲಸ. ಅರವತ್ತು ನೋಟ್‌ಬುಕ್ ನೋಡಬೇಕಾದ ಮಾಸ್ತರರಿಗೂ ಇದು ಹಗುರ. ಪು‌ಟವೆಲ್ಲ ಕೆಂಪಾಗಿ ವಾಪಸ್ ಬಂದ ಪುಸ್ತಕವನ್ನು ಮಗು ಓದುವುದಿಲ್ಲ, ಮುಚ್ಚಿಡುತ್ತದೆ.

ಎಲ್ಲವನ್ನೂ ತಿದ್ದಬೇಕಿಲ್ಲ. ನಿಗದಿಗಿಂತ ಮೊದಲೇ ನಡೆಸು ಎಂಬರ್ಥದ ‘ಪ್ರಿಪೋನ್’ ಭಾರತದಲ್ಲಿ ಚಲಾವಣೆಯಾಗಿ ಆಕ್ಸ್‌ಫರ್ಡ್ ನಿಘಂಟನ್ನೇ ಸೇರಿದೆ. ‘ಕಸಿನ್ ಬ್ರದರ್’ ನಮ್ಮ ಸಂಬಂಧಗಳ ಲೆಕ್ಕಕ್ಕೆ ಬೇಕಾದದ್ದು. ‘ವಾಟ್ ಈಸ್ ಯುವರ್ ಗುಡ್ ನೇಮ್’ ಹಿಂದೆ ಉರ್ದುವಿನಲ್ಲಿ ‘ಇಸ್ಮೆ ಶರೀಫ್’ ಎಂದು ಕೇಳುವ ಮರ್ಯಾದೆ ಇದೆ, ವ್ಯಾಕರಣ ಅಲ್ಲಿ ಕೆಟ್ಟಿಲ್ಲ. ‘ಮೈಸೆಲ್ಫ್ ರಮೇಶ’ ಮಾತ್ರ ತಿದ್ದಬೇಕಾದದ್ದು. ‘ನಾನು ರಮೇಶ’ ಎಂಬಲ್ಲಿ ಕ್ರಿಯಾಪದ ಬೇಕಿಲ್ಲ, ಇಂಗ್ಲಿಷಿಗೆ ಬೇಕು: ‘ಐ ಆಮ್ ರಮೇಶ’. ‘ಡು ದ ನೀಡ್‌ಫುಲ್’ ಹಳೆಯ ಬ್ರಿಟಿಷ್ ಕಚೇರಿಯ ಮಾತು. ತಪ್ಪಲ್ಲ, ಆದರೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಅರ್ಜಿ ಬರೆಯುವ ಹುಡುಗರಿಗೆ ಅದರ ಜಾಗದಲ್ಲಿ ಕೆಲಸವನ್ನೂ ದಿನವನ್ನೂ ಹೆಸರಿಸಿ ಬರೆಯಲು ಹೇಳಿ: ‘ಪ್ಲೀಸ್ ಸೆಂಡ್ ಮೈ ಮಾರ್ಕ್ಸ್ ಕಾರ್ಡ್ ಬೈ ಫ್ರೈಡೇ’.